ತಡವಾದ ದೂರು

ವಿರಾಟನ ಸಭೆಯಲ್ಲಿ ಸೈರಂಧ್ರಿಯು ದೂರಿಡುವುದಕ್ಕೆ ಒಂದು ಗಳಿಗೆಯನ್ನೂ ಕಳೆಯಲಿಲ್ಲ. ಕೀಚಕನು ಆಕೆಯನ್ನು ಒದ್ದದ್ದು ದೊರೆಯ ಕಣ್ಣೆದುರಿನಲ್ಲಿಯೇ. ಆದರೂ ಕಲಹವು ಪರೋಕ್ಷದಲ್ಲಿ ಹುಟ್ಟಿತು, ತಥ್ಯವನ್ನರಿಯದೆ ಏನು ಹೇಳಲಿ ಎಂದು ದೊರೆಯು ಜಾರಿಕೊಂಡನು. ಸೇನೆಯೆಲ್ಲ ಕೀಚಕನ ಕೈಯಲ್ಲಿದ್ದಿತು; ಸೈರಂಧ್ರಿಯಾದರೋ ರಾಣಿಯ ತಲೆಬಾಚುವ ಕೆಲಸದವಳು. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುವ ಕನ್ನಡನಾಡಿನ ಮನೆಗಳಿಗೆ ಈ ಪ್ರಸಂಗವನ್ನು ವಿವರಿಸಬೇಕಾದುದಿಲ್ಲ.

ಚಲಚ್ಚಿತ್ರಗಳಲ್ಲಿ ದುಡಿಯುವ ಹೆಂಗಸರ ಅವಸ್ಥೆಯು ಇದಕ್ಕೆ ದೂರವಾದುದಲ್ಲ. ಕೇರಳದಲ್ಲಿ 2017ನೆಯ ಫೆಬ್ರವರಿಯಲ್ಲಿ ನಟಿಯೊಬ್ಬಳನ್ನು ಕಾರಿನಲ್ಲಿ ಅಪಹರಿಸಿ ಹಿಂಸಿಸಿದ ಮೇಲೆ, ಆ ರಂಗದ ಹೆಂಗಸರು ಒಟ್ಟುಗೂಡಿ ಸರ್ಕಾರಕ್ಕೆ ಮೊರೆಯಿಟ್ಟರು. ನಿವೃತ್ತ ನ್ಯಾಯಾಧೀಶೆ ಹೇಮಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಹಿರಿಯ ನಟಿ ಶಾರದಾ ಅವರೂ ಅದರ ಸದಸ್ಯರು. ಅವಕಾಶ ಬೇಕಾದರೆ 'ಅಡ್ಜಸ್ಟ್' ಮಾಡಿಕೊಳ್ಳಬೇಕೆಂಬ ಮಾತು, ಬಿಡದಿಯಲ್ಲಿ ರಾತ್ರಿ ಬಾಗಿಲು ಬಡಿಯುವವರು, ಶೌಚಗೃಹವಿಲ್ಲದ ಚಿತ್ರೀಕರಣದಲ್ಲಿ ನೀರನ್ನೇ ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳು—ಇವೆಲ್ಲವೂ ಆ ವರದಿಯಲ್ಲಿ ಇರುವುವು. ಅದು 2019ನೆಯ ಡಿಸೆಂಬರ್ 31ರಂದು ಮುಖ್ಯಮಂತ್ರಿಗಳ ಕೈ ಸೇರಿತು. ಗುರುತು ತಿಳಿಯುವ ಭಾಗಗಳನ್ನು ತೆಗೆದು ಜನರ ಮುಂದಿಟ್ಟುದು 2024ನೆಯ ಆಗಸ್ಟ್ 19ರಂದು. ಬಳಿಕ ಬಾಯಿಬಿಟ್ಟ ಹೆಂಗಸರನ್ನು, ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂದು ಕೇಳಿದವರುಂಟು! ಸರ್ಕಾರದ ನಾಲ್ಕೂವರೆ ವರ್ಷಗಳನ್ನು ಲೆಕ್ಕ ಹಿಡಿದವರು ಕಡಮೆ.

ಕಾಲಮಿತಿಯು ನಿಷ್ಕಾರಣವಾದುದೆಂದಲ್ಲ. ಸಾಕ್ಷಿಗಳ ನೆನಪು ಮಾಸುವುದು. ನಿರಪರಾಧಿಗೂ ರಕ್ಷಣೆ ಬೇಕು. ಮೂರು ವರ್ಷಕ್ಕೆ ಮೀರಿದ ಶಿಕ್ಷೆಯುಳ್ಳ ಅಪರಾಧಗಳಿಗೆ ಭಾರತದ ಕಾನೂನು ಅವಧಿಯನ್ನು ಕಟ್ಟಿಲ್ಲ. ಅತ್ಯಾಚಾರವು ಆ ವರ್ಗದ್ದು. ತಡವಾದ ಮಾತ್ರಕ್ಕೆ ಅಂಥ ಫಿರ್ಯಾದು ಸುಳ್ಳಾಗದೆಂದೂ, ಮಾನಕ್ಕಂಜಿ ಹಿಂಜರಿಯುವುದು ಸಹಜವೆಂದೂ ಸುಪ್ರೀಂ ಕೋರ್ಟು 1996ರಲ್ಲಿ ಗುರ್ಮೀತ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಆದರೆ ಉದ್ಯೋಗಸ್ಥಳದ ಕಿರುಕುಳಕ್ಕಾಗಿ 2013ರಲ್ಲಿ ಮಾಡಿದ ಕಾನೂನಿನಲ್ಲಿ ಸಮಿತಿಗೆ ದೂರು ಕೊಡಲು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮತ್ತೆ ಮೂರು ತಿಂಗಳು ಮಾತ್ರ. ಎಷ್ಟೋ ಚಿತ್ರಗಳ ಚಿತ್ರೀಕರಣವೇ ಅಷ್ಟರಲ್ಲಿ ಮುಗಿಯದು. ನಡುವೆ ದೂರಿದವಳಿಗೆ ಪಾತ್ರವೂ ಹೋಗುವುದು, ಬರಬೇಕಾದ ಹಣವೂ ಹೋಗುವುದು, ಮುಂದೆ ಕರೆಯುವವರೂ ಇರರು. ಅನ್ನವೂ ಅಪಮಾನವೂ ಒಂದೇ ಕೈಯಿಂದ ಬರುವಲ್ಲಿ ಈ ಮೂರು ತಿಂಗಳನ್ನು ಎಣಿಸಿದವರು ಯಾರೋ!

ಸಮಿತಿಯ ಮುಂದಿನ ಹೇಳಿಕೆಗಳಿಂದ ಕೇರಳದ ಪೊಲೀಸರು ಹೂಡಿದ್ದ ಮೊಕದ್ದಮೆಗಳನ್ನು, ಹೇಳಿಕೆ ಕೊಡಲು ಸಂತ್ರಸ್ತೆಯರು ಮುಂದೆ ಬರಲಿಲ್ಲವೆಂಬ ಕಾರಣದಿಂದ, 2025ರಲ್ಲಿ ಕೈಬಿಡಲಾಯಿತು.