ಮೌಸ್ ನನ್ನದು, ಕೀಲಿ ಕಾಕಾನದು

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅಂದ್ರೆ ಊರಿನವರ ಲೆಕ್ಕದಲ್ಲಿ ನಾವು ಎಲ್ಲ ಮಷಿನ್‌ಗಳ ಡಾಕ್ಟರ್. ಪ್ರಿಂಟರ್ ಕಾಗದ ನುಂಗಿದರೂ ಫೋನ್, ಟಿ.ವಿ.ಯಲ್ಲಿ ಚಾನೆಲ್ ಬರದಿದ್ದರೂ ಫೋನ್. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬಹುದು. ನನಗೆ ಬರುವ ಇಂಥ ಕರೆಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಾಕಾನದು.

ಕಾಕಾ ಇರೋದು ಮನ್ನಾಏಖೇಳ್ಳಿಯಲ್ಲಿ. ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿ ಹುಮನಾಬಾದ್ ಕಡೆ ಬರುವಾಗ ಸಿಗುವ ಊರು. ಬೀದರ್‌ಗೆ ಹೋಗುವವರು ಇಲ್ಲಿಂದಲೂ ತಿರುಗಬಹುದು. ಅಲ್ಲಿ ಅವರದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ದುಕಾನ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಹುಡುಗರ ಪರೀಕ್ಷೆ ಫಾರ್ಮ್, ಮುಂಗಾರಿನಲ್ಲಿ ಬೆಳೆ ವಿಮೆ. ಇರೋದು ಒಂದೇ ಕಂಪ್ಯೂಟರ್. ಅದು ಕೆಟ್ಟರೆ ಅವತ್ತಿನ ದುಡಿಮೆಯೂ ಹೋಯ್ತು, ಹಳ್ಳಿಯಿಂದ ಬಂದವರ ಒಂದು ದಿನವೂ ಹೋಯ್ತು. ನಾನು ಹೋಗಿ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸು. ಹಾಗಾಗಿ ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ, ದೂರದಿಂದಲೇ ಅವರ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಮಾಡಲು ಕೂತೆ.

ವಿಂಡೋಸ್‌ನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ ಅಂತ ನೀವು ಕೇಳಬಹುದು. ಆದರೆ ಮನೆಬಳಕೆಯ ಹೋಮ್ ಆವೃತ್ತಿ ಆ ದಾರಿಯಲ್ಲಿ ಹೊರಗಿನವರನ್ನು ಒಳಗೆ ಬಿಡೋದಿಲ್ಲ. ಪ್ರೊ ಆವೃತ್ತಿ ಇದ್ದರೂ ಅದಕ್ಕಾಗಿ ರೌಟರ್‌ನಲ್ಲಿ 3389 ನಂಬರಿನ ಪೋರ್ಟ್ ತೆರೆದಿಡೋದು ಅಂದ್ರೆ ಹೆದ್ದಾರಿ ಬದಿಯ ಮನೆಗೆ ಬಾಗಿಲು ಹಾಕದೆ ಮಲಗಿದಂತೆ. ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ತರಹದವು ಬೇರೆ ರೀತಿ ಕೆಲಸ ಮಾಡುತ್ತವೆ. ಎರಡೂ ಕಡೆಯ ಕಂಪ್ಯೂಟರ್‌ಗಳು ತಾವಾಗಿಯೇ ನಡುವಿನ ಒಂದು ಸರ್ವರ್‌ಗೆ ಹೋಗಿ ಸೇರುತ್ತವೆ. ಕಾಕಾಗೆ ನಾನು ಹೇಳಿದ್ದು ಇಷ್ಟೇ: ‘ನೀವು ಇಲ್ಲಿಂದ, ನಾ ಅಲ್ಲಿಂದ ಬಂದು ಹುಮನಾಬಾದ್ ಬಸ್‌ಸ್ಟ್ಯಾಂಡಿನಾಗ ಭೇಟಿ ಆದಂಗ. ಪರದೆ ಮ್ಯಾಲಿನ ನಂಬರ್ ಅಂದ್ರ ನೀವು ಯಾವ ಪ್ಲಾಟ್‌ಫಾರ್ಮಿನಾಗ ನಿಂತೀರಿ ಅಂತ ಗುರುತು.’

ಹಾಕಿದ್ದು ಹತ್ತೇ ನಿಮಿಷ. ಸರಿಯಾಗಿ ಕೂರಿಸಲು ಹಿಡಿದದ್ದು ಇಡೀ ಮಧ್ಯಾಹ್ನ. ನೀವೂ ಮಾಡುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ. ಮೊದಲನೆಯದು, ಸಾಫ್ಟ್‌ವೇರನ್ನು ಡೌನ್‌ಲೋಡ್ ಮಾಡಿ ಹಾಗೇ ಓಡಿಸದೆ ಪೂರ್ತಿ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ‘ಈ ಬದಲಾವಣೆಗೆ ಅನುಮತಿ ಇದೆಯೇ’ ಅಂತ ವಿಂಡೋಸ್ ಕೇಳುವಾಗ ನಿಮ್ಮ ಕಡೆ ಚಿತ್ರ ನಿಂತುಬಿಡುತ್ತದೆ, ಮೌಸ್ ಒತ್ತಿದರೂ ಕೇಳೋದಿಲ್ಲ. ಆ ಪ್ರಶ್ನೆಯನ್ನು ವಿಂಡೋಸ್ ಬೇಕಂತಲೇ ಬೇರೆ ಸುರಕ್ಷಿತ ಪರದೆಯಲ್ಲಿ ತೋರಿಸುತ್ತದೆ. ಎರಡನೆಯದು, ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ; ಮಲಗಿದ ಕಂಪ್ಯೂಟರ್ ಆಫ್‌ಲೈನ್ ಅಂತಲೇ ಕಾಣುತ್ತದೆ. ಮೂರನೆಯದು, ನೆಟ್ ನಿಧಾನ ಇರುವ ಕಡೆ ಚಿತ್ರದ ಗುಣಮಟ್ಟ ಇಳಿಸಿ, ಹಿನ್ನೆಲೆಯ ಫೋಟೊ ತೆಗೆದುಬಿಡಿ. ದುಕಾನಿನ ಪರದೆ ಮೇಲಿದ್ದ ಮೊಮ್ಮಗಳ ಫೋಟೊ ತೆಗೆಯುವಾಗ ಮಾತ್ರ ಕಾಕಾ ಮುಖ ಸಣ್ಣಗಾಯ್ತು.

ಜಗಳ ಆದದ್ದು ಪಾಸ್‌ವರ್ಡ್ ವಿಷಯಕ್ಕೆ. ಈ ಸಾಫ್ಟ್‌ವೇರ್‌ಗಳಲ್ಲಿ ಕಾಯಂ ಪಾಸ್‌ವರ್ಡ್ ಇಟ್ಟರೆ ಆ ಕಡೆ ಯಾರೂ ಒಪ್ಪಿಗೆ ಕೊಡಬೇಕಿಲ್ಲ, ನಾನು ಬೇಕಾದಾಗ ಒಳಗೆ ಹೋಗಬಹುದು. ಕಾಕಾಗೆ ಅದೇ ಬೇಕಿತ್ತು. ‘ಪಾಸ್‌ವರ್ಡ್ ಹಾಕಿಬಿಡು ತಮ್ಮ. ಪ್ರತಿ ಸಲ ಒತ್ತು, ಹೇಳು ಅಂತ ನನ್ ತಲಿ ಯಾಕ ತಿಂತಿ? ನೀ ಏನ್ ಕಳ್ಳ ಇದ್ದೀಯೇನು?’

ನಾನು ಕಳ್ಳ ಅಲ್ಲ, ನಿಜ. ಆದರೆ ಆ ಕಂಪ್ಯೂಟರ್ ಕಾಕಾ ಒಬ್ಬರದಲ್ಲ. ಅದರೊಳಗೆ ಊರಿನವರ ಆಧಾರ್ ಕಾರ್ಡ್, ಪಾಸ್‌ಬುಕ್‌ಗಳ ಸ್ಕ್ಯಾನ್ ಇರುತ್ತವೆ. ನನ್ನ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೆ? ಕಂಪನಿಯವರೇ ಹುಷಾರಾಗಿರ್ತಾರೆ ಅಂತ ಸುಮ್ಮನಿರುವ ಹಾಗೂ ಇಲ್ಲ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಸರ್ವರ್‌ಗಳಿಗೆ ಯಾರೋ ನುಗ್ಗಿದ್ದರು ಅಂತ ಪ್ರಕಟಿಸಿ, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೆ ಸಲಹೆ ಕೊಟ್ಟಿತ್ತು.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಾವು ಮಕ್ಕಳು ಸಾಮಾನ್ಯವಾಗಿ ಅಪ್ಪ-ಅವ್ವನಿಗೆ ಏನು ಹೇಳ್ತೀವಿ? ‘ಈ ಆ್ಯಪ್ ಹಾಕು, ನಂಬರ್ ಓದು, ಕೆಳಗೆ ಬಂದದ್ದನ್ನ ಒತ್ತು, ಮಿಕ್ಕಿದ್ದು ನಾ ನೋಡ್ಕೋತೀನಿ.’ ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಅನ್ನುವ ಮೋಸಗಾರ ಹೇಳೋದೂ ಅಕ್ಷರ ಬಿಡದೆ ಇದನ್ನೇ! 2019ರ ಫೆಬ್ರುವರಿಯಲ್ಲೇ ರಿಸರ್ವ್ ಬ್ಯಾಂಕ್ ಈ ಬಗೆಯ ವಂಚನೆ ಕುರಿತು ಬ್ಯಾಂಕುಗಳನ್ನು ಎಚ್ಚರಿಸಿತ್ತು: ಆ್ಯಪ್ ಹಾಕಿಸಿ, ಅದರ ನಂಬರ್ ಕೇಳಿ, ಅನುಮತಿ ಕೊಡಿಸಿಕೊಂಡು ಖಾತೆಗೆ ಕೈ ಹಾಕುತ್ತಾರೆ ಅಂತ. ಅರ್ಥ ಹೇಳದೆ ಬರೀ ಒತ್ತೋದನ್ನು ಕಲಿಸಿದರೆ, ಮುಂದೆ ಬರುವ ಕಳ್ಳನಿಗೆ ನಾವೇ ಹಿರಿಯರನ್ನು ತಯಾರು ಮಾಡಿ ಕೊಟ್ಟಂತೆ.

ಅದಕ್ಕೇ ಪಾಸ್‌ವರ್ಡ್ ಇಡಲಿಲ್ಲ. ಮೂರು ನಿಯಮ ಬರೆದು ಮಾನಿಟರ್ ಪಕ್ಕ ಅಂಟಿಸಿದೆ. ಒಂದು, ಕರೆ ಯಾವಾಗಲೂ ಕಾಕಾನಿಂದಲೇ. ನಾನಾಗಿ ಫೋನ್ ಮಾಡಿ ನಂಬರ್ ಕೇಳೋದಿಲ್ಲ, ಕೇಳಿದರೆ ಅದು ನಾನಲ್ಲ. ಎರಡು, ಒಪ್ಪಿಗೆ ಒತ್ತುವ ಮುನ್ನ ಬ್ಯಾಂಕಿನದು, ಗಿರಾಕಿಗಳದು ಏನೇ ತೆರೆದಿದ್ದರೂ ಮುಚ್ಚಬೇಕು. ಮೂರು, ನಾನು ಏನು ಮಾಡ್ತಿದ್ದೀನಿ ಅನ್ನೋದು ತಿಳಿಯದಿದ್ದರೆ ಕೆಂಪು ಗುಂಡಿ ಒತ್ತಿ ಕಡಿದುಬಿಡಬೇಕು, ಸಿಟ್ಟು ಮಾಡ್ಕೊಳ್ಳೋದಿಲ್ಲ. ಮೊದಲ ತಿಂಗಳಲ್ಲೇ ಕಾಕಾ ನಾಲ್ಕು ಸಲ ಕಡಿದರು. ಒಮ್ಮೆಯಂತೂ ಚಹಾ ಬಂತು ಅಂತ!

ಹೋದ ವರ್ಷ ಬೆಳೆ ವಿಮೆಯ ಕೊನೆಯ ದಿನಗಳು. ಕಾಕಾ ಬಸವಕಲ್ಯಾಣಕ್ಕೆ ಹೋಗಿದ್ದರು, ದುಕಾನಿನಲ್ಲಿ ಕೆಲಸದ ಹುಡುಗ ಒಬ್ಬನೇ. ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಬೆಳಿಗ್ಗೆ ಅವನ ಫೋನ್: ‘ಅಣ್ಣಾ, ಒಂದೂ ಸೈಟ್ ತೆರೀವಲ್ದು. ನಿಮ್ಮ ಸಾಫ್ಟ್‌ವೇರೂ ಕನೆಕ್ಟ್ ಆಗವಲ್ದು. ಮಂದಿ ನಿಂತಾರ.’ ರಿಮೋಟೇ ಕೈಕೊಟ್ಟ ಮೇಲೆ ನನಗೆ ಉಳಿದದ್ದು ಅವನ ಕಣ್ಣು ಮಾತ್ರ. ಏನು ಬರೆದಿದೆ ಓದು ಅಂದೆ. ಸಂಪರ್ಕ ಖಾಸಗಿಯಾಗಿಲ್ಲ ಅನ್ನುವ ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಫೋನಿನಲ್ಲಿ ಅದೇ ನೆಟ್ ಸರಿಯಾಗಿ ಓಡ್ತಿತ್ತು.

‘ಕೆಳಗ ಬಲಗಡೆ ತಾರೀಖು ಎಷ್ಟು ತೋರಿಸ್ತದ?’

‘2009, ಜನವರಿ 1, ಅಣ್ಣಾ.’

ಸಿಕ್ಕಿತು! ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತುಹೋಗಿತ್ತು. ಕರೆಂಟ್ ಹೋದ ಕೂಡಲೇ ಗಡಿಯಾರ ಹಿಂದಕ್ಕೆ ಓಡಿತ್ತು. ಪ್ರತಿ ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಇವತ್ತಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇರಲಿಲ್ಲ! ನಮ್ಮ ರಿಮೋಟ್ ಕನೆಕ್ಟ್ ಆಗದಿದ್ದದ್ದೂ ಅದಕ್ಕೇ. ಹುಡುಗ ತಾರೀಖು ಸರಿಮಾಡಿದ, ಎಲ್ಲ ತೆರೆದವು. ಸಂಜೆ ಹೊಸ ಸೆಲ್ ತಂದು ಕಾಕಾ ವಿಡಿಯೊ ಕಾಲ್‌ನಲ್ಲಿ ನನ್ನೆದುರೇ ಹಾಕಿದರು.

ಕೆಲವು ದಿನದ ಮೇಲೆ ಅದೇ ದುಕಾನಿನಲ್ಲಿ ಒಬ್ಬ ಹಿರಿಯರಿಗೆ ಫೋನ್ ಬಂತಂತೆ: ಕರೆಂಟ್ ಬಿಲ್ ಬಾಕಿ ಇದೆ, ರಾತ್ರಿ ಲೈನ್ ಕಟ್ ಮಾಡ್ತೀವಿ, ಒಂದು ಆ್ಯಪ್ ಹಾಕಿ ನಂಬರ್ ಹೇಳಿ. ಗಾಬರಿಯಾಗಿ ಅವರು ಫೋನನ್ನು ಕಾಕಾ ಕೈಗೆ ಕೊಟ್ಟಿದ್ದಾರೆ. ‘ನಂಬರ್ ಹೇಳಿದ್ರ ಇವರ ಫೋನ್ ನಿನ್ ಕೈಯಾಗ ಬರ್ತದ, ನನಗ ಗೊತ್ತದ. ಮೊದಲು ನೀ ಯಾವ ಊರಾಂವ ಹೇಳು’ ಅಂದರಂತೆ ಕಾಕಾ. ಆ ಕಡೆ ಫೋನ್ ಕಟ್. ಹಿರಿಯರ ಖಾತೆಯಲ್ಲಿದ್ದದ್ದು ಸೋಯಾ ಮಾರಿ ಬಂದ ಹಣ.

ನಿಮ್ಮ ಊರಿನ ಕಂಪ್ಯೂಟರಿಗೂ ಇಂಥದ್ದೊಂದು ಹಾಕಿ, ಹೆದರಬೇಕಿಲ್ಲ. ಆದರೆ ಹಾಕುವ ದಿನ ಅರ್ಧ ಗಂಟೆ ಹೆಚ್ಚು ಕೂತು, ಆ ನಂಬರ್ ಅಂದ್ರೆ ಏನು, ಒಪ್ಪಿಗೆ ಅಂದ್ರೆ ಏನು, ಕಡಿಯೋದು ಹೇಗೆ ಅಂತ ಅವರ ಕೈಯಿಂದಲೇ ಮಾಡಿಸಿ. ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ ಸೈಬರ್ ಸಹಾಯವಾಣಿ 1930 ಅನ್ನೋದನ್ನೂ ಅದೇ ಚೀಟಿಯಲ್ಲಿ ಬರೆದಿಡಿ. ದೂರದಿಂದ ಮೌಸ್ ಆಡಿಸೋದು ನಮಗೆ ಗೊತ್ತಿರೋದೇ. ಬೇಡ ಅನ್ನಿಸಿದಾಗ ನಮ್ಮ ಕೈಯಿಂದಲೂ ಅದನ್ನು ಕಸಿದುಕೊಳ್ಳುವಷ್ಟು ಧೈರ್ಯ ಅವರಿಗೆ ಬಂದರೆ, ಸೆಟಪ್ ಪೂರ್ತಿ ಆಯ್ತು ಅಂತ ತಿಳೀರಿ.