ಘಾಟಿಯಲ್ಲಿ ಮಾತ್ರ ಬರುವ ಜ್ವರ

ಹಳೆಯ ಪಿಕಪ್ ಗಾಡಿ ಇಟ್ಟುಕೊಂಡವರು ಸ್ಪೀಡೋಮೀಟರ್ ನೋಡುವುದಿಲ್ಲ. ನೋಡಿ ಪ್ರಯೋಜನವೂ ಇಲ್ಲ, ಅದು ಯಾವ ಕಾಲದಲ್ಲೋ ನಿಂತುಹೋಗಿರುತ್ತದೆ. ಅವರ ಕಣ್ಣೆಲ್ಲ ಪಕ್ಕದ ಟೆಂಪರೇಚರ್ ಮುಳ್ಳಿನ ಮೇಲೆ. ಕರಾವಳಿಯಿಂದ ಹೆಂಚು ಹೇರಿಕೊಂಡು ಸೋಮೇಶ್ವರ ದಾಟುವವರೆಗೆ ನಮ್ಮ ಗಾಡಿಯ ಮುಳ್ಳು ನಡುವೆ ಸಭ್ಯವಾಗಿ ಕೂತಿರುತ್ತಿತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಐದನೆಯದಕ್ಕೆ ಅದು ಕದಲುವುದು, ಎಂಟಕ್ಕೋ ಒಂಬತ್ತಕ್ಕೋ ಕೆಂಪುಗೆರೆ ಮುಟ್ಟುವುದು. ಅಷ್ಟು ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಹಬೆ.

ನಿಂತ ಗಾಡಿಯ ಬಾನೆಟ್ ಎತ್ತಿದರೆ ಸಾಕು, ದಾರಿಹೋಕರೆಲ್ಲ ತಜ್ಞರು. ಬೈಕಿನವನೊಬ್ಬ ಫ್ಯಾನ್ ಬೆಲ್ಟ್ ಒತ್ತಿ ನೋಡಿ 'ಲೂಸಿದೆ' ಅಂದ. ಇನ್ನೊಂದು ಪಿಕಪ್ಪಿನ ಡ್ರೈವರು ಇಳಿಯಲೂ ಇಲ್ಲ, ಕಿಟಕಿಯಿಂದಲೇ 'ಆ ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಮಾರಾಯ್ರೆ' ಎಂದು ಹೇಳಿ ಗೇರು ಹಾಕಿದ. ಘಾಟಿಯ ಮಂಗಗಳೂ ಬಂದು ಹೆಂಚಿನ ಮೇಲೆ ಕೂತವು. ಸಲಹೆ ಕೊಡದೆ ಕೂತವರು ಅವರು ಮಾತ್ರ.

ಅಲ್ಲಿ ಮಾಡಬೇಕಾದ ಕೆಲಸ ಒಂದೇ, ಕಾಯುವುದು. ರೇಡಿಯೇಟರಿನ ಮುಚ್ಚಳ ಸಾಮಾನ್ಯ ಮುಚ್ಚಳವಲ್ಲ, ಒಳಗೆ ಸ್ಪ್ರಿಂಗ್ ಇಟ್ಟುಕೊಂಡು ಒತ್ತಡ ಹಿಡಿದಿಡುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚು ಒತ್ತಡವಿದ್ದರೆ ಬರಿ ನೀರು ಕೂಡ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದಲ್ಲ, ಮುಳ್ಳಯ್ಯನಗಿರಿಯ ತುದಿಯಲ್ಲಿ 94 ಡಿಗ್ರಿಯ ಆಸುಪಾಸಿಗೇ ಕುದಿ ಬಂದೀತು. ಹಾಗಾಗಿ ಬೆಟ್ಟದ ಸೀಮೆಯವರಿಗೆ ಆ ಮುಚ್ಚಳದ ಋಣ ದೊಡ್ಡದು. ಆದರೆ ಬಿಸಿಯಲ್ಲಿ ಅದನ್ನು ತಿರುಗಿಸಿದಿರೋ, ಒತ್ತಡ ಇಳಿದು ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಬರುತ್ತದೆ. ಕಾದ ಇಂಜಿನ್ನಿಗೆ ಝರಿಯ ತಣ್ಣೀರು ಸುರಿಯುವವರೂ ಇದ್ದಾರೆ, ಅವರ ಹಣ ಮುಂದೆ ಹೆಡ್ ಬಿರುಕು ಬಿಟ್ಟು ಗ್ಯಾರೇಜು ಸೇರುತ್ತದೆ. ಒಂದು ಗಂಟೆ ಸುಮ್ಮನೆ ಕೂರಲು ಬಾರದವರು ಹಳೇ ಗಾಡಿ ಕೊಳ್ಳಬಾರದು.

ಮೇಗರವಳ್ಳಿ ಕಡೆಯ ನಮ್ಮ ಮೆಕ್ಯಾನಿಕ್ಕು ಬಾನೆಟ್ ಎತ್ತುವ ಮೊದಲು ಬೀಡಿ ಹಚ್ಚಿದ. ಪಂಡಿತರು ಜ್ವರ ಯಾವ ಹೊತ್ತಿಗೆ ಏರುತ್ತದೆಂದು ವಿಚಾರಿಸುವಂತೆ ಕೇಳಿದ: 'ಎಲ್ಲಿ ಹೀಟಾಗ್ತದೆ ಸಾರ್? ತೀರ್ಥಹಳ್ಳಿ ಪೇಟೇಲಿ ಸ್ಟಾರ್ಟಲ್ಲೇ ನಿಂತಾಗಲಾ, ಓಡುವಾಗಲಾ?' ನನಗೆ ಆ ಪ್ರಶ್ನೆಯೇ ಅರ್ಧ ಉತ್ತರ ಎನ್ನಿಸಿತು. ನಿಂತಲ್ಲೇ ಕಾದು ಓಡುವಾಗ ತಣ್ಣಗಾದರೆ ಫ್ಯಾನಿನ ಮೇಲೆ ಅನುಮಾನ, ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಬಿಳಿ ಹೊಗೆ, ಆಯಿಲು ಹಾಲು ಬೆರೆತಂತಾಗುವುದು ಇವೆಲ್ಲ ಕಂಡರೆ ಹೆಡ್ ಗ್ಯಾಸ್ಕೆಟ್. ಆ ಹೆಸರು ಕೇಳಿದರೇ ಜೇಬು ಮುಟ್ಟಿ ನೋಡಿಕೊಳ್ಳಬೇಕು. ನಮ್ಮದು ಎರಡೂ ಅಲ್ಲ. ಪೇಟೆಯಲ್ಲಿ ಸುಮ್ಮನಿರುತ್ತದೆ, ಬಯಲಿನಲ್ಲಿ ಸುಮ್ಮನಿರುತ್ತದೆ, ಹೊರೆ ಹೊತ್ತು ಎರಡನೇ ಗೇರಿನಲ್ಲಿ ಏರುವಾಗ ಮಾತ್ರ ಕೆರಳುತ್ತದೆ. ಡೀಸೆಲ್ ಕೊಡುವ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಚಕ್ರಕ್ಕೆ, ಒಂದು ಪಾಲು ಹೊಗೆಗೆ, ಇನ್ನೊಂದು ಪಾಲನ್ನು ಈ ನೀರೇ ಹೊತ್ತೊಯ್ದು ಹೊರಗೆ ಚೆಲ್ಲಬೇಕು. ಘಾಟಿಯಲ್ಲಿ ಆ ಪಾಲು ದೊಡ್ಡದಾಗುತ್ತದೆ, ಚೆಲ್ಲುವ ಶಕ್ತಿ ಸಾಲದು. ಅಂದರೆ ನೀರು ಹರಿಯುತ್ತಿಲ್ಲ, ಇಲ್ಲವೆ ಹರಿದೂ ತಣಿಯುತ್ತಿಲ್ಲ.

ಮಾರನೆಯ ಬೆಳಿಗ್ಗೆ ಥರ್ಮೋಸ್ಟಾಟ್ ಬಿಚ್ಚಿ ಮನೆಗೆ ತಂದೆ. ಕಿತ್ತು ಬಿಸಾಡುವ ಪದ್ಧತಿ ನಮ್ಮ ಕಡೆ ಬಲವಾಗಿದೆ, ನನಗದು ಹಿಡಿಸುವುದಿಲ್ಲ. ಅದಿಲ್ಲದೆ ಇಂಜಿನ್ ಬೇಗ ಕಾವಿಗೆ ಬರುವುದಿಲ್ಲ, ಡೀಸೆಲ್ ದಂಡ, ಸವೆತವೂ ಹೆಚ್ಚು. ಬೆರಳುಗಾತ್ರದ ಹಿತ್ತಾಳೆ ಕೋಶದಲ್ಲಿ ಮೇಣ ತುಂಬಿರುತ್ತದೆ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ, ತಣಿದಾಗ ಸ್ಪ್ರಿಂಗ್ ಮುಚ್ಚುತ್ತದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಹುಡುಕಿದ ಈ ಉಪಾಯಕ್ಕೆ ವಿದ್ಯುತ್ತೂ ಬೇಡ, ಯಾರ ಅಪ್ಪಣೆಯೂ ಬೇಡ. ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟೆ. ಪಕ್ಕದಲ್ಲಿ ಥರ್ಮಾಮೀಟರು. ಎಪ್ಪತ್ತು ದಾಟಿತು, ಎಂಬತ್ತಾಯಿತು, ಅದರ ಮೇಲೆ ಕೊರೆದಿದ್ದ 82ರ ಹತ್ತಿರ ಬಂದಾಗ ಬಾಗಿಲು ಕೂದಲೆಳೆಯಷ್ಟು ಬಿರಿಯಿತು, ಆಮೇಲೆ ಸಾವಕಾಶವಾಗಿ ಪೂರ್ತಿ ತೆರೆಯಿತು. ಹೆಂಡತಿಯನ್ನು ಕರೆದು ತೋರಿಸಿದೆ. 'ಆ ಪಾತ್ರೆ ಇನ್ನು ಒಳಗೆ ಬೇಡ, ನಿಮ್ಮ ಗಾಡಿಗೇ ಇರ್ಲಿ' ಎಂದಳು.

ಥರ್ಮೋಸ್ಟಾಟಿಗೆ ತಪ್ಪಿಲ್ಲ ಎಂದು ಖಾತ್ರಿಯಾಯಿತು. ವಾಟರ್ ಪಂಪಿನಿಂದ ಸೋರಿಕೆಯಿಲ್ಲ, ಕೆಳಗಿನ ಹೋಸ್ ಪೈಪು ಚಪ್ಪಟೆಯಾಗುತ್ತಿಲ್ಲ. ಉಳಿದದ್ದು ರೇಡಿಯೇಟರು. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ ಮೆಕ್ಯಾನಿಕ್ಕು ಅಂಗೈಯನ್ನು ಅದರ ಮುಖದ ಮೇಲೆ ಹಗುರವಾಗಿ ಆಡಿಸಿದ, ಆಮೇಲೆ ನನ್ನ ಕೈಯನ್ನೂ ಎಳೆದು ಇಡಿಸಿದ. ಎಡಗಡೆ ಕೈ ಇಡಲಾಗದಷ್ಟು ಬಿಸಿ. ಬಲಗಡೆ ಮೇಲಿಂದ ಕೆಳಗಿನವರೆಗೆ ಅಗಲವಾದ ಪಟ್ಟಿಯೊಂದು ಉಗುರು ಬೆಚ್ಚಗಿತ್ತು. ಅಲ್ಲಿ ನೀರು ಇಳಿಯುತ್ತಲೇ ಇರಲಿಲ್ಲ. ವಿಲ್ಹೆಲ್ಮ್ ಮೈಬಾಖ್ ಜೇನುಗೂಡಿನ ರೇಡಿಯೇಟರ್ ಮಾಡಿದಾಗ, 1901ರ ಮರ್ಸಿಡಿಸ್ ಕಾರಿಗೆ, 8,070 ಸಣ್ಣ ಕೊಳವೆಗಳನ್ನು ಜೋಡಿಸಿದ್ದನಂತೆ. ಗಾಳಿಗೆ ಆದಷ್ಟು ಹೆಚ್ಚು ಮೈಯೊಡ್ಡುವುದೇ ಅದರ ಗುಟ್ಟು. ನಮ್ಮದರಲ್ಲಿ ಮೈಯ ಮೂರನೆಯ ಒಂದು ಭಾಗ ಸುಮ್ಮನೆ ಒಣ ಶೋಭೆಗಿತ್ತು.

ಶಿವಮೊಗ್ಗದ ರೇಡಿಯೇಟರ್ ರಿಪೇರಿಯವರು ಮೇಲಿನ ತೊಟ್ಟಿಯ ಬೆಸುಗೆ ಬಿಚ್ಚಿ, ಕೊಳವೆಗಳಿಗೆ ಕಂಬಿ ಹಾಕಿ ಕೆರೆದರು. ಸುಣ್ಣದಂಥ ಬಿಳಿ ಹಕ್ಕಳೆ ಉದುರಿ ರಾಶಿಯಾಯಿತು. ಹಿರಿಯರೊಬ್ಬರು ಅದನ್ನು ಬೆರಳಲ್ಲಿ ಪುಡಿಮಾಡಿ ನೋಡಿ, 'ಇದು ನಿಮ್ಮ ಮಲೆನಾಡ ನೀರಲ್ಲ ಸ್ವಾಮಿ, ಬೋರ್‌ವೆಲ್ ನೀರು. ಗಾಡಿ ಬಯಲುಸೀಮೇದಾ?' ಎಂದರು. ಹೌದು, ಚಳ್ಳಕೆರೆಯದು. ಮಾರಿದವರು ಕಾಗದಪತ್ರ ಕೊಟ್ಟಿದ್ದರು, ಹಳೆಯ ಟೈರೊಂದನ್ನೂ ಕೊಟ್ಟಿದ್ದರು, ಈ ವಿಷಯ ಹೇಳಿರಲಿಲ್ಲ. ಹೇಳಲು ಅವರಿಗೂ ತಿಳಿದಿರಲಿಕ್ಕಿಲ್ಲ. ಗಡಸು ನೀರು ಕಾದಾಗೆಲ್ಲ ಒಂದಿಷ್ಟು ಲವಣ ಕೊಳವೆಯ ಗೋಡೆಗೆ ಅಂಟುತ್ತದೆ, ಅಲ್ಲಿನ ಸಪಾಟು ರಸ್ತೆಯಲ್ಲಿ ಅದು ಯಾರಿಗೂ ಗೊತ್ತಾಗದು. ಗಾಡಿ ಮಲೆನಾಡಿಗೆ ಬರುವಾಗ ತಾನು ಕುಡಿದ ನೀರಿನ ಲೆಕ್ಕವನ್ನೆಲ್ಲ ಎದೆಯಲ್ಲಿಟ್ಟುಕೊಂಡೇ ಬಂದಿತ್ತು.

ಬೆಸುಗೆ ಮುಗಿಸಿ ಅವರು ಕೂಲಂಟಿನ ಕ್ಯಾನನ್ನೂ ಡಿಸ್ಟಿಲ್ಡ್ ವಾಟರಿನ ಎರಡು ಕ್ಯಾನುಗಳನ್ನೂ ಮುಂದಿಟ್ಟರು. 'ಅರ್ಧಕ್ಕರ್ಧ ಬೆರೆಸಿ. ಬಾವಿ ನೀರೂ ಬೇಡ, ಹೊಳೆ ನೀರೂ ಬೇಡ.' ಗಾಡಿ ಊರಲ್ಲಿ ರೇಡಿಯೇಟರಿಲ್ಲದೆ ನಿಂತಿತ್ತಾದ್ದರಿಂದ ಬಸ್ಸಿಗೇ ಹೊತ್ತು ತಂದೆ. ಜುಲೈ ತಿಂಗಳು, ಹೊರಗೆ ಆಗುಂಬೆಯ ಮಳೆ ಬಕೆಟ್ಟಿನಲ್ಲಿ ಸುರಿದಂತೆ ಬೀಳುತ್ತಿದೆ. ಕಂಡಕ್ಟರು ಕ್ಯಾನು ಮುಟ್ಟಿ 'ಏನಿದು?' ಅಂದ. 'ನೀರು' ಅಂದೆ. ನನ್ನನ್ನೊಮ್ಮೆ, ಕಿಟಕಿಯಾಚೆಗೊಮ್ಮೆ ನೋಡಿ, ಮಾತಾಡದೆ ಲಗೇಜಿನ ಟಿಕೆಟ್ ಹರಿದುಕೊಟ್ಟ.