‘ದಶಕ ಒಂದು’ ಯಂತ್ರಕ್ಕೂ ಕಷ್ಟವೇ!

47ಕ್ಕೆ 38 ಕೂಡಿದರೆ ಎಷ್ಟು? 85 ಎಂದು ನಾವು ತಟ್ಟನೆ ಹೇಳಿಬಿಡುತ್ತೇವೆ. ಆದರೆ ಎರಡನೇ, ಮೂರನೇ ತರಗತಿಯ ಸ್ಲೇಟುಗಳನ್ನು ನೋಡಿದ ಶಿಕ್ಷಕರಿಗೆ ಇನ್ನೊಂದು ಉತ್ತರವೂ ಚೆನ್ನಾಗಿ ಗೊತ್ತು: 715. ಏಳು ಮತ್ತು ಎಂಟು ಹದಿನೈದು, ನಾಲ್ಕು ಮತ್ತು ಮೂರು ಏಳು. ಮಗು ಕೂಡಿದ್ದರಲ್ಲಿ ತಪ್ಪೇನೂ ಇಲ್ಲ. ಬಿಡಿಸ್ಥಾನದಲ್ಲಿ ಹತ್ತು ತುಂಬಿದಾಗ ಪಕ್ಕದ ಮನೆಗೆ ಒಂದನ್ನು ದಾಟಿಸಬೇಕು ಎಂಬುದು ಮಾತ್ರ ಬಿಟ್ಟುಹೋಗಿದೆ. ದಶಕರಹಿತ ಸಂಕಲನವನ್ನು ಸಲೀಸಾಗಿ ಮಾಡುತ್ತಿದ್ದ ಮಗು ದಶಕಸಹಿತ ಸಂಕಲನದ ಹೊಸ್ತಿಲಲ್ಲಿ ಎಡವುತ್ತದೆ.

ಇದನ್ನು ದಡ್ಡತನ ಎನ್ನುವವರಿಗೆ ನಾನು ಲೆಕ್ಕಯಂತ್ರಗಳ ಇತಿಹಾಸವನ್ನು ತೋರಿಸುತ್ತೇನೆ. ಆ ಯಂತ್ರಗಳಿರುವ ದೂರದೇಶದ ವಸ್ತುಸಂಗ್ರಹಾಲಯಗಳಿಗೆ ನಾನು ಹೋದವನಲ್ಲ. ಶಿಕ್ಷಕರ ತರಬೇತಿಗೆಂದು ಅವುಗಳ ಚಿತ್ರ, ವಿಡಿಯೋಗಳನ್ನು ಕೂಡಿಹಾಕುತ್ತಾ ಬಂದೆ. ನೋಡುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಆ ಯಂತ್ರಗಳನ್ನು ಕಟ್ಟಿದ ಮೇಧಾವಿಗಳೆಲ್ಲ ತಲೆಕೆಡಿಸಿಕೊಂಡದ್ದು ಇದೇ ‘ದಶಕ ಒಂದು’ ಎಂಬಲ್ಲಿ!

1623ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದ್ದ ವಿಲ್ಹೆಲ್ಮ್ ಷಿಕಾರ್ಡ್ ಎಂಬ ಪ್ರಾಧ್ಯಾಪಕ, ತಾನೊಂದು ಲೆಕ್ಕಯಂತ್ರ ಮಾಡಿರುವುದಾಗಿ ಖಗೋಳವಿಜ್ಞಾನಿ ಕೆಪ್ಲರ್‌ಗೆ ಪತ್ರ ಬರೆದ. ಅದರಲ್ಲಿ ಒಂದು ಚಕ್ರ ಪೂರ್ತಿ ಸುತ್ತು ಮುಗಿಸಿದಾಗ ಒಂಟಿ ಹಲ್ಲೊಂದು ಪಕ್ಕದ ಚಕ್ರವನ್ನು ಒಂದು ಮನೆ ಮುಂದೆ ತಳ್ಳುತ್ತಿತ್ತು. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನಲ್ಲಿ 9 ಹೋಗಿ 0 ಬರುವಾಗ ಎಡಗಡೆಯ ಅಂಕಿ ಜರುಗುವುದನ್ನು ನೀವು ನೋಡಿರಬಹುದು. ಹೆಚ್ಚು ಕಡಿಮೆ ಅದೇ ಉಪಾಯ. ಆದರೆ 999ಕ್ಕೆ 1 ಕೂಡಿಸುವಾಗ ಏನಾಗುತ್ತದೆ? ಮೊದಲ ಚಕ್ರವೇ ಉಳಿದೆಲ್ಲ ಚಕ್ರಗಳನ್ನೂ ಒಟ್ಟಿಗೆ ತಳ್ಳಬೇಕು. ಅಂಕಿಗಳು ಹೆಚ್ಚಾದಂತೆ ಬೇಕಾಗುವ ಬಲವೂ ಹೆಚ್ಚು.

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ತಂದೆ ರುವಾನ್ ಪಟ್ಟಣದಲ್ಲಿ ತೆರಿಗೆ ಅಧಿಕಾರಿ. ಉದ್ದುದ್ದ ಲೆಕ್ಕಗಳಲ್ಲಿ ಮುಳುಗಿರುತ್ತಿದ್ದ ತಂದೆಗೆ ನೆರವಾಗಲೆಂದು ಪಾಸ್ಕಲ್ 1642ರಲ್ಲಿ, ಸುಮಾರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಂತ್ರದ ಕೆಲಸಕ್ಕೆ ಕೈಹಾಕಿದ. ಅವನ ಉಪಾಯ ಬಹಳ ಚೆಂದ. ಚಕ್ರ 9ರ ಕಡೆಗೆ ತಿರುಗುತ್ತಿದ್ದಂತೆ ಒಂದು ಪುಟ್ಟ ತೂಕ ಮೆಲ್ಲಗೆ ಮೇಲೇಳುತ್ತದೆ. 9 ದಾಟಿ 0 ಬಂದೊಡನೆ ತೂಕ ಕಳಚಿ ಕೆಳಗೆ ಬೀಳುತ್ತದೆ. ಬೀಳುವ ರಭಸಕ್ಕೆ ಪಕ್ಕದ ಚಕ್ರ ಒಂದು ಮನೆ ಮುಂದೆ ಹೋಗುತ್ತದೆ. ದಶಕ ದಾಟಿಸುವ ಕೆಲಸ ಗುರುತ್ವಾಕರ್ಷಣೆಯ ಪಾಲಿಗೆ! ಪಾಸ್ಕಲ್ ಮಾಡಿದ ಯಂತ್ರಗಳಲ್ಲಿ ಉಳಿದಿರುವ ಕೆಲವನ್ನು ಪ್ಯಾರಿಸ್ಸಿನ ಕಲೆ ಮತ್ತು ಕಸುಬುಗಳ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಹಣದ ಲೆಕ್ಕಕ್ಕೆಂದು ಮಾಡಿದ ಪಾಸ್ಕಲ್ ಯಂತ್ರಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅವುಗಳ ಕೊನೆಯ ಎರಡು ಚಕ್ರಗಳಿಗೆ ಹತ್ತು ಮನೆಗಳಿಲ್ಲ. ಒಂದಕ್ಕೆ 12, ಇನ್ನೊಂದಕ್ಕೆ 20. ಅಂದಿನ ಫ್ರೆಂಚ್ ನಾಣ್ಯದಲ್ಲಿ 12 ದೆನಿಯೆ ಸೇರಿದರೆ ಒಂದು ಸೋಲ್, 20 ಸೋಲ್ ಸೇರಿದರೆ ಒಂದು ಲೀವ್ರ್. ನಮ್ಮ ಹಿರಿಯರಿಗೂ ಇಂಥ ಲೆಕ್ಕ ಹೊಸದಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ನಮ್ಮಲ್ಲಿ 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಇತ್ತಲ್ಲವೇ? ಎಷ್ಟು ತುಂಬಿದಾಗ ದಾಟಿಸಬೇಕು ಎಂಬುದು ನಾವು ಮಾಡಿಕೊಂಡ ಒಪ್ಪಂದ. ದಾಟಿಸುವ ನಿಯಮ ಮಾತ್ರ ಎಲ್ಲೆಡೆಯೂ ಒಂದೇ.

ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಆಳೆತ್ತರವನ್ನೂ ಮೀರಿದ ಒಂದು ಯಂತ್ರವಿದೆ. ಚಾರ್ಲ್ಸ್ ಬ್ಯಾಬೇಜ್ 1847 ಮತ್ತು 1849ರ ನಡುವೆ ಇದರ ನಕ್ಷೆ ಬರೆದ. ಯಂತ್ರವನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ, 1871ರಲ್ಲಿ ತೀರಿಕೊಂಡ. ಅವನು ಹುಟ್ಟಿ ಇನ್ನೂರು ವರ್ಷವಾದಾಗ, 1991ರಲ್ಲಿ, ಅದೇ ನಕ್ಷೆಯಂತೆ ಲೆಕ್ಕದ ಭಾಗವನ್ನು ಕಟ್ಟಿ ನಡೆಸಿದರು. ಮುದ್ರಿಸುವ ಭಾಗ 2002ರಲ್ಲಿ ಮುಗಿಯಿತು. ಇದು 31 ಅಂಕಿಗಳ ಸಂಖ್ಯೆಗಳನ್ನು ಕೂಡುತ್ತದೆ! ಇಲ್ಲಿ ದಶಕ ದಾಟುವುದು ಎರಡು ಹೆಜ್ಜೆಗಳಲ್ಲಿ. ಚಕ್ರವೊಂದು 9ರಿಂದ 0ಗೆ ಹೋದಾಗ ಒಂದು ಸನ್ನೆ ಮಾತ್ರ ಸರಿದು ‘ಇಲ್ಲಿ ಒಂದು ಬಾಕಿ ಇದೆ’ ಎಂಬ ಗುರುತು ಉಳಿಯುತ್ತದೆ. ಕೂಡುವುದು ಮುಗಿದ ಬಳಿಕ ತಿರುಗುವ ತೋಳುಗಳು ಒಂದೊಂದೇ ಸ್ಥಾನಕ್ಕೆ ಬಂದು ಬಾಕಿಯನ್ನು ತೀರಿಸುತ್ತವೆ. ಮಕ್ಕಳು ಹತ್ತರ ಸ್ಥಾನದ ನೆತ್ತಿಯ ಮೇಲೆ ಚಿಕ್ಕದಾಗಿ 1 ಎಂದು ಬರೆದುಕೊಳ್ಳುತ್ತಾರಲ್ಲ, ಆ ಕೆಲಸವನ್ನೇ ಇಲ್ಲಿ ಲೋಹದ ಸನ್ನೆ ಮಾಡುತ್ತದೆ.

1946ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎನಿಯಾಕ್ ಗಣಕದಲ್ಲಿ ಹಲ್ಲಿನ ಚಕ್ರಗಳ ಬದಲು ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದು ಸೆಕೆಂಡಿಗೆ 5,000 ಸಂಕಲನ ಮಾಡುತ್ತಿತ್ತು. ಆದರೂ ಒಳಗೆ ಹತ್ತು ಹಂತಗಳ ವಿದ್ಯುತ್ ‘ಚಕ್ರ’ಗಳೇ! 9ರ ನಂತರ 0 ಬಂದಾಗ ಪಕ್ಕದ ಸ್ಥಾನಕ್ಕೆ ವಿದ್ಯುತ್ತಿನ ಒಂದು ಮಿಡಿತ ಹೋಗುತ್ತಿತ್ತು. ಅದಕ್ಕೆ ಒಂಬತ್ತು ವರ್ಷ ಮೊದಲೇ, 1937ರಲ್ಲಿ, ಜಾರ್ಜ್ ಸ್ಟಿಬಿಟ್ಜ್ ಎಂಬಾತ ತನ್ನ ಅಡುಗೆಮನೆಯ ಮೇಜಿನ ಮೇಲೆ ಬೇರೊಂದು ದಾರಿ ಹಿಡಿದಿದ್ದ. ಟೆಲಿಫೋನಿನ ಎರಡು ರಿಲೇಗಳು, ಟಾರ್ಚಿನ ಬಲ್ಬುಗಳು, ತಂಬಾಕಿನ ಡಬ್ಬಿಯಿಂದ ಕತ್ತರಿಸಿದ ತಗಡು, ಇಷ್ಟೇ ಅವನ ಸಾಮಗ್ರಿ. ಅದರಲ್ಲಿ ಇದ್ದ ಅಂಕಿಗಳು 0 ಮತ್ತು 1 ಮಾತ್ರ. ಒಂದಕ್ಕೆ ಒಂದು ಸೇರಿದೊಡನೆ ಮನೆ ತುಂಬಿತು, ಪಕ್ಕಕ್ಕೆ ದಾಟಿಸಬೇಕು. ನಮ್ಮ ಜೇಬಿನ ಮೊಬೈಲ್ ಇಂದು ಲೆಕ್ಕ ಮಾಡುವುದೂ ಹೀಗೆಯೇ.

ಒಂದು ತರಬೇತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಶಿಕ್ಷಕಿಯೊಬ್ಬರು ಕೇಳಿದರು: “ಎಲ್ಲಾ ಮೊಬೈಲೇ ಮಾಡುತ್ತೆ ಅಂದಮೇಲೆ ಮಕ್ಕಳಿಗೆ ಯಾಕೆ ಸಾರ್ ಈ ಕಷ್ಟ?” ನ್ಯಾಯವಾದ ಪ್ರಶ್ನೆ. ನಾನು ಹೇಳಿದೆ: “ಅಂಗಡಿಯಲ್ಲಿ 47 ರೂಪಾಯಿ ಬೇಳೆ, 38 ರೂಪಾಯಿ ಸಕ್ಕರೆ ಕೊಂಡವರಿಗೆ ಯಾರೋ ಗುಂಡಿ ತಪ್ಪಿ ಒತ್ತಿ 715 ತೋರಿಸಿದರೆ, ‘ಐವತ್ತು, ನಲವತ್ತು ಸೇರಿದರೂ ತೊಂಬತ್ತೇ ಅಲ್ಲವೇ?’ ಎಂದು ಕೇಳುವ ಧೈರ್ಯ ಬರಬೇಕು ಮೇಡಂ. ಸ್ಥಾನಬೆಲೆ ಗೊತ್ತಿದ್ದವರಿಗೆ ಆ ಧೈರ್ಯ ಬರುತ್ತದೆ. ಗೊತ್ತಿಲ್ಲದವರು ದುಡ್ಡು ಎಣಿಸಿಕೊಟ್ಟು ಬರುತ್ತಾರೆ.”

ಒಮ್ಮೆ ಶಾಲಾ ಭೇಟಿಗೆ ಹೋದಾಗ, ಮದುವೆ ಕರೆಯೋಲೆಯ ರಟ್ಟಿನಿಂದ 0ಯಿಂದ 9ರವರೆಗೆ ಅಂಕಿ ಬರೆದ ಎರಡು ಚಕ್ರ ಕತ್ತರಿಸಿ, ಟಿಚ್ ಬಟನ್‌ನಿಂದ ಹಲಗೆರಟ್ಟಿಗೆ ಕೂಡಿಸಿ ಮೂರನೇ ತರಗತಿಗೆ ಕೊಟ್ಟೆ. ಒಬ್ಬ ಹುಡುಗಿ ಬಿಡಿಚಕ್ರವನ್ನು 7ರಿಂದ ಎಂಟು ಮನೆ ತಿರುಗಿಸಿದಳು. 0 ದಾಟಿತು. ತಾನಾಗಿಯೇ ಹತ್ತರ ಚಕ್ರವನ್ನು ಬೆರಳಿನಿಂದ ಒಂದು ಮನೆ ಸರಿಸಿ, “ಸಾರ್, ಇದು ತಾನೇ ತಿರುಗೋ ಹಂಗೆ ಮಾಡಕ್ಕಾಗಲ್ವಾ?” ಎಂದಳು. ಪಾಸ್ಕಲ್ ಕೇಳಿಕೊಂಡದ್ದೂ ಇದನ್ನೇ ಎಂದು ಅವಳಿಗೆ ಹೇಳಿದೆ. ಅವಳಿಗೆ ಆ ಹೆಸರು ಬೇಕಿರಲಿಲ್ಲ, ಚಕ್ರ ಬೇಕಿತ್ತು!

ರಟ್ಟು ಸಿಗದಿದ್ದರೆ ಮಕ್ಕಳೇ ಸಾಕು. ನಾಲ್ವರನ್ನು ಸಾಲಾಗಿ ನಿಲ್ಲಿಸಿ. ತರಗತಿಯ ಕಡೆಯಿಂದ ನೋಡಿದಾಗ ಬಲತುದಿಯಲ್ಲಿರುವ ಮಗು ಬಿಡಿ, ಅದರ ಎಡಕ್ಕೆ ಹತ್ತು, ನೂರು, ಸಾವಿರ. ಹತ್ತನೆಯ ಬೆರಳು ಎತ್ತಬೇಕಾಗಿ ಬಂದಾಗ ಎಲ್ಲ ಬೆರಳನ್ನೂ ಮಡಚಿ ಮುಂದಿನ ಸ್ಥಾನದವರ ಭುಜ ಮುಟ್ಟಬೇಕು. ಭುಜ ಮುಟ್ಟಿಸಿಕೊಂಡವರು ಒಂದು ಬೆರಳು ಎತ್ತಬೇಕು. ಇಷ್ಟೇ ನಿಯಮ. ಮೊದಲು ಬಿಡಿ, ಹತ್ತು, ನೂರರವರು ಒಂಬತ್ತೊಂಬತ್ತು ಬೆರಳು ಎತ್ತಿರಲಿ. ಸಾವಿರದವರ ಮುಷ್ಟಿ ಮುಚ್ಚಿರಲಿ. ಈಗ ಬಿಡಿಯವರಿಗೆ ‘ಒಂದು’ ಎಂದು ಹೇಳಿ, ಕೈಗಳು ಒಂದರ ಹಿಂದೊಂದು ಮಡಚಿಕೊಳ್ಳುವುದನ್ನು ಇಡೀ ತರಗತಿ ನೋಡಲಿ. ಕೊನೆಗೆ ಸಾವಿರದವರ ಒಂದೇ ಒಂದು ಬೆರಳು ಎದ್ದಾಗ, ಅದು ಎಷ್ಟೆಂದು ಮಕ್ಕಳನ್ನೇ ಕೇಳಿ.